ಸಾಹೇಬರು ಬಿಟ್ಟುಹೋದ ಚಹಾ

ಪುಣೆಯ ಶಿವಾಜಿನಗರದ ಬಸ್ಸಿನ ಸಾಲಿನಲ್ಲಿ ಕನ್ನಡ ಕಿವಿಗೆ ಬಿದ್ದು ಮಧ್ವೇಶ ತಿರುಗಿ ನೋಡಿದ. ಹಾಲಿನ ಕ್ಯಾನು ಹಿಡಿದ ಹೆಂಗಸಿನ ಕೊರಳಲ್ಲಿ ಗೆಲುವಿನ ಹಾರವಿತ್ತು. ಜೊತೆಗಾತಿ ಕೇಳುತ್ತಿದ್ದಳು.

“ನರ್ಮದಕ್ಕಾ, ಅಂಥಾ ದೊಡ್ಡ ಮಂತ್ರಿ ಸಾಹೇಬ್ರನ್ನ ಚುನಾವಣ್ಯಾಗ ಹೆಂಗ ಕೆಡವಿದ್ರಿ?”

“ಪರದೇಶದ ಹಾಲಿನಪುಡಿ ಕೆಡವಿತು. ಅದು ಬಂದ್ರ ನಮ್ಮ ಎಮ್ಮಿ ಹಾಲು ಯಾರು ಕೇಳ್ತಾರ?”

“ಪರದೇಶದ ಜೋಡಿ ವ್ಯಾಪಾರದ ಒಪ್ಪಂದ ಭಾಳ ಛಲೋ ಅಂತಿದ್ರಲ್ರೀ ಅವರು?”

“ಅಂದ್ರು. ಮತ ಕೇಳಾಕ ಬಂದಾಗ ಪುಡಿಹಾಲಿನ ಚಹಾನ ಕೊಟ್ವಿ. ಒಂದ ಗುಟುಕಿಗೆ ಕಪ್ಪು ಕೆಳಗಿಟ್ರು. ಊರೆಲ್ಲ ನೋಡ್ತು.”

“ಯವ್ವಾ!”

“ಹಾಲಿನ ಊರಾಗೆಲ್ಲ ಅವರ ಪಕ್ಷ ಸೋತಿತು. ಇವತ್ತ ದಿಲ್ಲಿಯವ್ರು ಒಪ್ಪಂದದಾಗಿಂದ ಹಾಲು ಕೈಬಿಟ್ರು.”

“ಮತ್ತ ಈ ಕ್ಯಾನು ಯಾರಿಗ್ರಿ?”

ಕೋಥರೂಡದ ಬಸ್ಸು ಬಂತು.

“ಕೋಥರೂಡದಾಗಿರೋ ಸಾಹೇಬ್ರಿಗೆ. ಪಾಪ, ಅವತ್ತು ಚಹಾ ಹಂಗ ಬಿಟ್ಟು ಹೋದ್ರು,” ಎಂದು ನಗುತ್ತ ಆಕೆ ಬಸ್ಸು ಹತ್ತಿದಳು.