ನನ್ನ ಆಪರೇಷನ್ ಹತ್ತು ದಿನ ಮುಂದಕ್ಕೆ ಹೋದ ಕಾರಣ

ಈ ಬೀಳ್ಕೊಡುಗೆ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯ ಶಸ್ತ್ರವೈದ್ಯರೇ, ಮುಖ್ಯ ಅತಿಥಿಗಳಾದ ಆಡಳಿತ ಮಂಡಳಿಯ ಅಧ್ಯಕ್ಷೆಯವರೇ, ನನ್ನ ಬಗ್ಗೆ ನನಗೇ ನಂಬಲಾಗದಷ್ಟು ಒಳ್ಳೆಯ ಮಾತಾಡಿದ ಮೇಟ್ರನ್ ಅವರೇ, ವೈದ್ಯರೇ, ದಾದಿಯರೇ, ಆಯಾಗಳೇ, ಕ್ಯಾಂಟೀನಿನ ಅಕ್ಕನವರೇ, ನನ್ನ ಬಂಧುಗಳೇ, ಮತ್ತು ಕಾಫಿ ಯಾವಾಗ ಬರುತ್ತದೆ ಎಂದು ಬಾಗಿಲ ಕಡೆಗೇ ನೋಡುತ್ತಿರುವ ಸಭಿಕರೇ,

ನಿಮ್ಮೆಲ್ಲರಿಗೂ ವಂದನೆಗಳು. ಮೂವತ್ತೈದು ವರ್ಷ ಈ ಆಸ್ಪತ್ರೆಯಲ್ಲಿ ನಾನು ಮಾತಾಡಿದ್ದೆಲ್ಲ ಮಲಗಿರುವವರ ಜೊತೆ. ಕೂತಿರುವವರ ಮುಂದೆ ಮಾತಾಡುವುದು ಇದೇ ಮೊದಲು. ಮಲಗಿದವರಿಗೆ ಎದ್ದು ಹೋಗುವ ಅನುಕೂಲವಿರುವುದಿಲ್ಲ. ನಿಮಗಿದೆ. ಆದ್ದರಿಂದ ನನಗೆ ಸ್ವಲ್ಪ ಹೆದರಿಕೆ.

ಮೇಟ್ರನ್ ಅವರು ನನ್ನನ್ನು 'ಹಿರಿಯ ಶುಶ್ರೂಷಕಿ' ಎಂದು ಪರಿಚಯಿಸಿದರು. ಹಾಗೆಂದರೆ ಯಾರೆಂದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗಿರಲಿಕ್ಕಿಲ್ಲ. ಬ್ಲೇಡ್ ಸಿಸ್ಟರ್ ಎಂದಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಹೆಂಗಸರ ವಾರ್ಡಿನಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಯನ್ನು ಸಿದ್ಧಪಡಿಸುವುದು ನನ್ನ ಕೆಲಸ. ಅಂದರೆ ಡಾಕ್ಟರು ಎಲ್ಲಿ ಕೊಯ್ಯುತ್ತಾರೋ ಅಲ್ಲಿಯ ಕೂದಲು ತೆಗೆಯುವುದು. ಒಂದು ಟ್ರೇ, ಒಂದು ಬಟ್ಟಲು ಬಿಸಿನೀರು, ಸೋಪು, ರೇಜರು, ಹಾಸಿಗೆಯ ಸುತ್ತ ಹಸಿರು ಪರದೆ. ಈ ಊರಿನ ಎಷ್ಟೋ ಹೆಂಗಸರನ್ನು ನಾನು ಹೊಟ್ಟೆ ನೋಡಿದರೆ ಗುರುತು ಹಿಡಿಯುತ್ತೇನೆ, ಮುಖ ನೋಡಿದರೆ ಹಿಡಿಯುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ನಕ್ಕರೆ ನಾನೂ ನಗುತ್ತೇನೆ. ಯಾರೆಂದು ಖಚಿತ ಮಾಡಿಕೊಳ್ಳುವ ದಾರಿ ಬಸ್ಸಿನಲ್ಲಿ ಇರುವುದಿಲ್ಲ.

ಇರಲಿ. ಇವತ್ತು ನನ್ನ ಭಾಷಣಕ್ಕೆ ಒಂದು ಷರತ್ತಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಸಭಾಂಗಣದಲ್ಲಿ ಒಬ್ಬ ಹೆಂಗಸು ಕೂತಿದ್ದಾರೆ. ಯಾರೆಂದು ಹೇಳುವುದಿಲ್ಲ, ಹಾಗಂತ ಮಾತು ಕೊಟ್ಟಿದ್ದೇನೆ. ಅವರಿಗೆ ಆರು ತಿಂಗಳಿಂದ ಒಂದು ತೊಂದರೆ. ತಡಮಾಡಬಾರದಂಥದ್ದು. ನಮ್ಮ ದಾದಿಯರಿಗೆ ಇಷ್ಟು ಹೇಳಿದರೆ ಸಾಕು. ನಾಲ್ಕು ಸಲ ಪರೀಕ್ಷೆಗೆ ದಿನ ಗೊತ್ತುಮಾಡಿಸಿದೆ. ನಾಲ್ಕು ಸಲವೂ ತಪ್ಪಿಸಿಕೊಂಡರು. ಒಂದು ಸಲ ಮನೆಗೆ ನೆಂಟರು, ಒಂದು ಸಲ ಉತ್ತರಪತ್ರಿಕೆ ತಿದ್ದುವುದಿತ್ತು, ಒಂದು ಸಲ ಬೆಕ್ಕು ಮರಿ ಹಾಕಿತು. ನಾಲ್ಕನೆಯ ಸಲ ನಾನೇ ಅವರ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ. ಆಗ ನಿಜ ಬಾಯಿಬಿಟ್ಟರು.

"ಪಾರ್ಲರ್‌ನವಳು ಈ ವಾರ ಬಂದಿಲ್ಲ. ಈ ಕಾಲು ಇಟ್ಕೊಂಡು ಡಾಕ್ಟರ ಮುಂದೆ ಹೇಗೆ ಮಲಗ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಪರದೆಯ ಒಳಗೆ ಸಾವಿರ ಸಲ ಹೇಳಿದ ಮಾತನ್ನೇ ಹೇಳಿದೆ. ನಾಚಿಕೆ ಯಾಕೆ, ಡಾಕ್ಟರು ನೋಡದೇ ಇರೋದು ಏನಿದೆ, ಕೂದಲು ಯಾರಿಗಿಲ್ಲ ಎಂದೆ. ಅವರು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಹಾಗಾದ್ರೆ ನಿನ್ನ ಆಪರೇಷನ್ ಹತ್ತು ದಿನ ಯಾಕೆ ಮುಂದಕ್ಕೆ ಹೋಯ್ತು ಅಂತ ಬೀಳ್ಕೊಡುಗೆ ದಿನ ಮೈಕಲ್ಲಿ ಹೇಳು. ಹೇಳಿದ್ರೆ ಅವತ್ತೇ ನಿಂತ ಕಾಲಲ್ಲಿ ಬರ್ತೀನಿ. ಹೇಳ್ದೇ ಇದ್ರೆ ಇನ್ನು ನನ್ನ ತಂಟೆಗೆ ಬರ್ಬೇಡ."

ಇದು ಷರತ್ತು. ಈ ಸಭಾಂಗಣಕ್ಕೆ ಎರಡು ಬಾಗಿಲು. ಎಡಗಡೆಯದು ಮೆಟ್ಟಿಲಿಳಿದು ಬೀದಿಗೆ, ಬಸ್ ಸ್ಟಾಪಿಗೆ. ಬಲಗಡೆಯದು ಹೊರರೋಗಿ ವಿಭಾಗಕ್ಕೆ. ಅಲ್ಲಿ ಒಂಬತ್ತನೇ ಕೋಣೆಯಲ್ಲಿ ಲೇಡಿ ಡಾಕ್ಟರು ಐದು ಗಂಟೆಯವರೆಗೆ ಇರುತ್ತಾರೆ. ಈಗ ಗಂಟೆ ಎಷ್ಟು? ನೀವು ಉಡುಗೊರೆಯಾಗಿ ಕೊಟ್ಟ ಗಡಿಯಾರದಲ್ಲಿ ಹತ್ತು ಹತ್ತಾಗಿದೆ, ಬ್ಯಾಟರಿ ಹಾಕಿಲ್ಲ. ನನ್ನ ಕೈಗಡಿಯಾರದಲ್ಲಿ ನಾಲ್ಕೂ ಕಾಲು. ಹಾಗಾದರೆ ಇನ್ನೂ ಸಮಯವಿದೆ. ಹೇಳುತ್ತೇನೆ. ಅದಕ್ಕೆ ಮುಂಚೆ ಒಂದೆರಡು ಮಾತು.

ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬ ಅಜ್ಜಿ ಬಂದಿದ್ದರು. ಟ್ರೇ ನೋಡಿ "ಇದೇನಮ್ಮ?" ಎಂದರು. ವಿವರಿಸಿದೆ. ಹೊದಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. "ಅರವತ್ತು ವರ್ಷದಿಂದ ಅದರ ಪಾಡಿಗೆ ಅದು ಅಲ್ಲಿದೆ. ನಿಂಗೇನು ತೊಂದ್ರೆ ಕೊಡ್ತು?" ಅವರನ್ನು ಒಪ್ಪಿಸಲು ಒಂದು ಗಂಟೆ ಬೇಕಾಯಿತು. ಮುಗಿದ ಮೇಲೆ ಅತ್ತರು. ನೋವಿಗಲ್ಲ. ಹೆಂಗಸಿಗೆ ಕೂದಲು ತೆಗೆಯುವುದೇ ಅವಮಾನ ಎಂದುಕೊಂಡ ಕಾಲ ಅದು.

ಅದಾಗಿ ಇಪ್ಪತ್ತು ವರ್ಷಕ್ಕೆ ಹೆರಿಗೆ ಕೋಣೆಯಲ್ಲಿ ಒಂದು ಹುಡುಗಿ. ನೋವು ಬಂದು ಮಂಚದ ಕಂಬಿ ಕಿತ್ತು ಬರುವಂತೆ ಹಿಡಿದಿದ್ದಾಳೆ. ನಡುವೆ ಬಿಡುವು ಸಿಕ್ಕಾಗ ನನ್ನ ಕೈ ಹಿಡಿದು ಹೇಳಿದಳು, "ಸಾರಿ ಸಿಸ್ಟರ್, ಈ ತಿಂಗಳು ವ್ಯಾಕ್ಸ್ ಮಾಡ್ಸೋಕಾಗ್ಲಿಲ್ಲ. ಕಾಲು ನೋಡ್ಬೇಡಿ."

ನಾನು ಹೇಳಿದೆ, "ನಾನು ನೋಡ್ತಿರೋದು ನಿನ್ನ ಮಗೂನ ತಲೆ ಕಣಮ್ಮ. ಅದಕ್ಕೂ ಬೇಕಾದಷ್ಟು ಕೂದ್ಲಿದೆ."

ಯೋಚಿಸಿ ನೋಡಿ. ಅದೇ ವಾರ್ಡು, ಅದೇ ಮಂಚ, ಅದೇ ಪರದೆ. ಒಬ್ಬರು ತೆಗೆದರೆಂದು ಅತ್ತರು, ಇನ್ನೊಬ್ಬಳು ತೆಗೆದಿಲ್ಲವೆಂದು ಕ್ಷಮೆ ಕೇಳಿದಳು. ನಾಚಿಕೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆ ಕಡೆಯಿಂದ ಈ ಕಡೆಗೆ ಮಗ್ಗುಲು ಬದಲಾಯಿಸಿ ಮಲಗಿತು ಅಷ್ಟೇ.

ಆಮೇಲೆ ಹನ್ನೆರಡು ವರ್ಷದ ಹಿಂದೆ ಇವತ್ತಿನ ನಮ್ಮ ಅಧ್ಯಕ್ಷರು, ಅಂದರೆ ನಮ್ಮ ದೊಡ್ಡ ಡಾಕ್ಟರು, ಹೊಸ ನಿಯಮ ತಂದರು. ರೇಜರ್ ಬೇಡ, ಕಣ್ಣಿಗೆ ಕಾಣದ ಗೀರುಗಳಾಗಿ ಕೀವು ಆಗುತ್ತದೆ, ತೀರಾ ಅಡ್ಡ ಬರುವ ಕಡೆ ಮಾತ್ರ ಮೆಷಿನ್ನಿನಲ್ಲಿ ಕತ್ತರಿಸಿದರೆ ಸಾಕು ಎಂದರು. ಬ್ಲೇಡ್ ಸಿಸ್ಟರ್ ಕೈಯಿಂದ ಬ್ಲೇಡ್ ಹೋಯಿತು, ಹೆಸರು ಮಾತ್ರ ಉಳಿಯಿತು. ರೋಗಿಗಳು ಮನೆಯಲ್ಲೇ ಕೈಚಳಕ ತೋರಿಸಿಕೊಂಡು ಬರಬಾರದೆಂದು ಒಂದು ಬೋರ್ಡನ್ನೂ ಹಾಕಿದೆವು. "ಆಪರೇಷನ್ನಿಗೆ ಮುಂಚೆ ಮನೆಯಲ್ಲಿ ಯಾರೂ ರೇಜರ್ ಬಳಸಕೂಡದು." ವಾರ್ಡಿನ ಬಾಗಿಲಲ್ಲಿ ಇವತ್ತಿಗೂ ಇದೆ. 'ಯಾರೂ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದೆ. ಅಕ್ಷರ ನನ್ನದು, ಗೆರೆಯೂ ನನ್ನದು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊನ್ನೆ ಮೊನ್ನೆ ಸೇರಿದ ಒಬ್ಬ ಕಿರಿಯ ದಾದಿ ಇಲ್ಲೇ ಎದುರಿಗಿದ್ದಾಳೆ. ಅವಳ ಕೈಮೇಲೆ ಕೂದಲಿದೆ. ಅವಳು ತೆಗೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಒಂದು ದಿನ ಪಕ್ಕಕ್ಕೆ ಕರೆದು ಹೇಳಿದೆ, "ಕೈ ಸ್ವಲ್ಪ ನೋಡ್ಕೋಮ್ಮ. ರೋಗಿಗಳು ಏನಂದ್ಕೋತಾರೆ?" ಅವಳು ಬಹಳ ವಿನಯದಿಂದ ಕೇಳಿದಳು, "ಸಿಸ್ಟರ್, ದೊಡ್ಡ ಡಾಕ್ಟರ ಕೈಮೇಲೆ ಕಂಬಳಿನೇ ಇದೆ. ಅದಕ್ಕೆ ರೋಗಿಗಳು ಏನಂದ್ಕೋತಾರೆ?"

ಅಧ್ಯಕ್ಷರೇ, ಕೈ ಮೇಜಿನ ಕೆಳಗೆ ಇಟ್ಟುಕೊಳ್ಳಬೇಡಿ. ನಿಮ್ಮನ್ನು ಆಡಿಕೊಳ್ಳಲು ಹೇಳಿದ್ದಲ್ಲ. ಆ ಹುಡುಗಿಯ ಪ್ರಶ್ನೆಯನ್ನು ನಿಮಗೆಲ್ಲ ದಾಟಿಸಬೇಕಿತ್ತು, ಅದಕ್ಕೇ ಹೇಳಿದೆ. ತೆಗೆಸುವವರು ತೆಗೆಸಲಿ, ನನ್ನ ಅಭ್ಯಂತರವಿಲ್ಲ. ನಾನೂ ಮೇಲ್ತುಟಿಯ ಕೂದಲನ್ನು ಪ್ರತಿ ಇಪ್ಪತ್ತು ದಿನಕ್ಕೊಮ್ಮೆ ಪಾರ್ಲರಿನಲ್ಲಿ ದಾರದಿಂದ ತೆಗೆಸುತ್ತೇನೆ, ಕಣ್ಣಲ್ಲಿ ನೀರು ಹಾಕಿಕೊಂಡು ಬರುತ್ತೇನೆ. ಆದರೆ ಮೈಯಲ್ಲಿ ಏನೋ ಆಗಬಾರದ್ದು ಆಗುತ್ತಿರುವಾಗ, ಕಾಲಿನ ಕೂದಲಿಗಾಗಿ ಆರು ತಿಂಗಳು ಕಾಯುವುದೇ? ಪಾರ್ಲರಿನವಳು ಬರಲಿ ಎಂದು ಕಾಯಿಲೆ ಹೊರಗಡೆ ಬೆಂಚಿನ ಮೇಲೆ ಕೂತಿರುತ್ತದೆಯೇ? ನೀವೇ ಹೇಳಿ. ಸುಡುವ ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಬಟ್ಟೆ ಹಾಕಿಕೊಂಡು ಗಣಿತ ಪಾಠ ಮಾಡುವವಳಿಗೆ ನಾನು ಹೇಗೆ ಅರ್ಥ ಮಾಡಿಸಲಿ? ಚಿಕ್ಕಂದಿನಿಂದಲೂ ಅವಳದು ಒಂದೇ ಹಟ. ಅವಳು ಹುಟ್ಟಿದಾಗ ನನಗೆ ಮೂರು ವರ್ಷ, ಆಗಲೇ...

ಅಯ್ಯೋ.

ಸಭಿಕರೇ, ಈಗ ಹೇಳಿದ್ದನ್ನು ನೀವು ಕೇಳಿಸಿಕೊಂಡಿಲ್ಲ. ಇಲ್ಲಿ ಗಣಿತ ಟೀಚರುಗಳು ಬೇಕಾದಷ್ಟು ಜನ ಇರಬಹುದು. ಹಿಂದಿನ ಸಾಲಿನವರು ದಯವಿಟ್ಟು ನನ್ನನ್ನೇ ನೋಡಿ, ಪಕ್ಕಕ್ಕೆ ನೋಡಬೇಡಿ.

ಸರಿ. ಮಾತು ತಪ್ಪಿದೆ, ಇನ್ನು ಹೇಳಲೇಬೇಕು. ನೀರು ಕುಡಿದು ಹೇಳುತ್ತೇನೆ.

ಆರು ವರ್ಷದ ಹಿಂದೆ ನನಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಆಪರೇಷನ್ ಇದೇ ಆಸ್ಪತ್ರೆಯಲ್ಲಿ, ಇದೇ ಅಧ್ಯಕ್ಷರ ಕೈಯಲ್ಲಿ. ಹಿಂದಿನ ಸಂಜೆ ಮನೆಯಲ್ಲಿ ಚೀಲ ಜೋಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಒಂದು ಯೋಚನೆ ಬಂತು. ನಾಳೆ ಆ ಮೇಜಿನ ಮೇಲೆ ಮಲಗುವವಳು ನಾನು. ಸುತ್ತ ನಿಲ್ಲುವವರು ನನ್ನ ಕೈಕೆಳಗೆ ಕಲಿತ ಹುಡುಗಿಯರು. ಅವರು ನನ್ನ ಹೊಟ್ಟೆ ನೋಡುತ್ತಾರೆ. ಹೊಕ್ಕುಳ ಕೆಳಗೆ ಒಂದು ಗೆರೆ ಕೂದಲಿದೆ, ಅದನ್ನು ನೋಡುತ್ತಾರೆ. ನಾಳೆ ಮಧ್ಯಾಹ್ನ ಊಟದ ಕೋಣೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳುತ್ತಾರೆಂದು ನನಗೆ ಹೇಗೆ ಗೊತ್ತು? ಯಾಕೆಂದರೆ ಆ ಕೋಣೆಯಲ್ಲಿ ನಾನೂ ಮಾತಾಡಿದ್ದೇನೆ.

ಮನೆಯವರನ್ನು ಅಂಗಡಿಗೆ ಕಳಿಸಿದೆ. ಅವರ ರೇಜರ್ ತೆಗೆದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಹೊಟ್ಟೆಯೊಂದನ್ನೇ ಅಲ್ಲ, ಸಭಿಕರೇ. ಕಾಲು, ಕೈ, ಕಂಕುಳು ಎಲ್ಲ. ಪಿತ್ತಕೋಶಕ್ಕೂ ಮೊಣಕಾಲಿಗೂ ಏನು ಸಂಬಂಧ? ಯಾವ ಪುಸ್ತಕದಲ್ಲೂ ಇಲ್ಲ. ಸಾವಿರಾರು ಹೊಟ್ಟೆಗಳ ಮೇಲೆ ಒಂದು ಗೀರೂ ಇಲ್ಲದೆ ರೇಜರ್ ಆಡಿಸಿದ ಈ ಕೈ, ನನ್ನ ಹೊಟ್ಟೆಯ ಮೇಲೆ ಜಾರಿತು. ಹೊಕ್ಕುಳ ಅಂಚಿನಲ್ಲೇ ಕುಯ್ದುಕೊಂಡೆ. ಡಾಕ್ಟರು ಉಪಕರಣ ಒಳಗೆ ಹಾಕುವುದು ಸರಿಯಾಗಿ ಅಲ್ಲಿಂದಲೇ.

ಬೆಳಗ್ಗೆ ವಾರ್ಡಿನಲ್ಲಿ ಅಧ್ಯಕ್ಷರು ಬಟ್ಟೆ ಸರಿಸಿ ನೋಡಿದರು. ಕೆಂಪಗೆ ಊದಿಕೊಂಡಿತ್ತು. ಕತ್ತು ತಿರುಗಿಸಿ ಬಾಗಿಲಲ್ಲಿದ್ದ ಬೋರ್ಡನ್ನು ಓದಿದರು. ನಿಧಾನವಾಗಿ, ಎರಡು ಗೆರೆಯ ಸಮೇತ. ಆಮೇಲೆ "ಹತ್ತು ದಿನ ಬಿಟ್ಟು ಬನ್ನಿ ಸಿಸ್ಟರ್" ಎಂದರು.

ಹೊರಗೆ ಬಂದು ಎಲ್ಲರಿಗೂ ರಕ್ತದೊತ್ತಡ ಜಾಸ್ತಿಯಾಗಿದೆ ಎಂದುಬಿಟ್ಟೆ. ಅಧ್ಯಕ್ಷರು ದೊಡ್ಡ ಮನಸ್ಸಿನವರು, ಇವತ್ತಿನವರೆಗೂ ಗುಟ್ಟು ಕಾಪಾಡಿದ್ದಾರೆ. ಕ್ಯಾಂಟೀನಿನ ಅಕ್ಕನವರೇ, ಆ ಹತ್ತು ದಿನ ದಿನಕ್ಕೆರಡು ಹೊತ್ತು ನೀವು ನನಗಾಗಿ ಉಪ್ಪಿಲ್ಲದ ಅಡುಗೆ ಬೇರೆ ಮಾಡಿ ಮನೆಗೆ ಕಳಿಸಿದಿರಿ. ನನಗೆ ರಕ್ತದೊತ್ತಡ ಇರಲಿಲ್ಲ. ಒಂದು ಹೊತ್ತೂ ಬಿಡದೆ ತಿಂದೆ, ಶಿಕ್ಷೆ ಎಂದುಕೊಂಡು ತಿಂದೆ. ಕ್ಷಮಿಸಿಬಿಡಿ. ಈಗ ಹೇಗೆ ನೋಡುತ್ತಿದ್ದೀರೆಂದು ನನಗೆ ಕಾಣುತ್ತಿದೆ.

ಆ ಹತ್ತು ದಿನ ನನ್ನ ಹೊಕ್ಕುಳಿಗೆ ಮುಲಾಮು ಹಚ್ಚಿ ಪಟ್ಟಿ ಬದಲಾಯಿಸಿದವಳು ನನ್ನ ತಂಗಿ. ಹೌದು, ತಂಗಿ. ಇನ್ನು ಮುಚ್ಚುಮರೆ ಏನು. ಒಂದು ದಿನವೂ ಅವಳು ನಗಲಿಲ್ಲ, ನನ್ನನ್ನು ಹಂಗಿಸಲಿಲ್ಲ.

ಷರತ್ತಿನ ಪ್ರಕಾರ ನಾನು ಇಲ್ಲಿಗೆ ನಿಲ್ಲಿಸಬಹುದು. ಚೀಟಿಯಲ್ಲಿ ಬರೆದುಕೊಂಡಿದ್ದೂ ಇಷ್ಟೇ. ಆದರೆ ಒಂದು ಮಾತು ಬಾಕಿ ಇದೆ.

ಅವಳಿಗೆ ಆಗ ಹದಿಮೂರು ವರ್ಷ, ನನಗೆ ಹದಿನಾರು. ಶಾಲೆಯಲ್ಲಿ ಓಟದ ಪಂದ್ಯ. ನನ್ನ ತಂಗಿಯಷ್ಟು ವೇಗವಾಗಿ ಓಡುವವರು ಶಾಲೆಯಲ್ಲಿ ಯಾರೂ ಇರಲಿಲ್ಲ, ಗಂಡುಮಕ್ಕಳಲ್ಲೂ ಇರಲಿಲ್ಲ. ಅರ್ಧ ಚಡ್ಡಿ, ಅರ್ಧ ತೋಳು. ಮೈಮೇಲೆ ನಮ್ಮ ಅಪ್ಪನ ಕಡೆಯ ಕೂದಲು. ನಾನು ಗೆರೆಯ ಪಕ್ಕ ನಿಂತು ಹುರಿದುಂಬಿಸಬೇಕೆಂದು ಕೂಗಿದೆ, "ಓಡೇ ಕರಡಿಮರಿ, ಓಡು." ಮನೆಯಲ್ಲಿ ಮುದ್ದಿಗೆ ಕರೆಯುತ್ತಿದ್ದ ಹೆಸರದು. ಮುದ್ದು ಎಂದು ನಾನು ತಿಳಿದಿದ್ದೆ. ಇಡೀ ಶಾಲೆ ಅದನ್ನು ಹಿಡಿದುಕೊಂಡಿತು. ಮೈದಾನದ ತುಂಬ ಕರಡಿಮರಿ, ಕರಡಿಮರಿ. ಅವಳು ಮೊದಲು ಬಂದಳು. ಬಹುಮಾನ ತೆಗೆದುಕೊಳ್ಳಲು ಮಾತ್ರ ಬರಲಿಲ್ಲ. ಆಮೇಲೆ ಎಂದೂ ಓಡಲಿಲ್ಲ. ಆ ವಾರವೇ ಅಮ್ಮನಿಗೆ ಹೇಳಿ ಉದ್ದ ತೋಳಿನ ಬಟ್ಟೆ ಹೊಲಿಸಿಕೊಂಡಳು. ನಲವತ್ತನಾಲ್ಕು ವರ್ಷವಾಯಿತು, ಆ ತೋಳು ಇನ್ನೂ ಮೇಲೆ ಹೋಗಿಲ್ಲ.

ನಾನು ಅದನ್ನು ಮರೆತೇಬಿಟ್ಟಿದ್ದೆ. ಸೌಟು ಕೆಳಗಿಟ್ಟು ಅವಳು ನನ್ನ ಮುಖ ನೋಡಿದಳಲ್ಲ, ಆಗ ನೆನಪಾಯಿತು. ಪರದೆಯ ಒಳಗೆ ಸಾವಿರ ಹೆಂಗಸರಿಗೆ ನಾಚಿಕೆ ಬೇಡ ಎಂದವಳು, ಮನೆಯಲ್ಲಿ ಒಬ್ಬಳಿಗೆ ನಾಚಿಕೆ ಕಲಿಸಿದ್ದೆ. ತಪ್ಪಾಯಿತು ಕಣೇ. ಅವತ್ತೇ ಹೇಳಬೇಕಾಗಿತ್ತು. ಹೇಳಲಿಲ್ಲ.

ದಯವಿಟ್ಟು ಯಾರೂ ಹಿಂದಕ್ಕೆ ತಿರುಗಬೇಡಿ. ಅವಳು ಎದ್ದಿದ್ದಾಳೆ. ನಾನು ನೋಡಿ ಹೇಳುತ್ತೇನೆ, ನೀವು ನನ್ನನ್ನೇ ನೋಡುತ್ತಿರಿ. ಬ್ಯಾಗು ತೆಗೆದುಕೊಂಡಳು. ಛತ್ರಿಯನ್ನೂ ತೆಗೆದುಕೊಂಡಳು. ಎಡಗಡೆಗೆ ಹೊರಟಳು.

ಎಡಗಡೆಗೇ ಹೋಗುತ್ತಿದ್ದಾಳೆ.

ಅಲ್ಲಿ ಕುಡಿಯುವ ನೀರಿನ ಡ್ರಮ್ ಇದೆ. ನೀರು ಕುಡಿಯುತ್ತಿದ್ದಾಳೆ. ಬೇಗ ಕುಡಿಯೇ, ನನಗೆ ನಿಜವಾಗಲೂ ರಕ್ತದೊತ್ತಡ ಬರುತ್ತಿದೆ. ಲೋಟ ಇಟ್ಟಳು. ತಿರುಗಿದಳು. ಗೋಡೆ ಹಿಡಿದು ಬಲಗಡೆ ಬಾಗಿಲಿಗೆ ಹೊರಟಿದ್ದಾಳೆ, ಸಭಿಕರೇ. ನನ್ನ ಕಡೆ ನೋಡುತ್ತಲೂ ಇಲ್ಲ. ಎಷ್ಟು ಬಿರಬಿರನೆ ಹೋಗುತ್ತಿದ್ದಾಳೆ.

ಸ್ವಲ್ಪ ನಿಲ್ಲೇ, ನಾನೂ ಬರ್ತೀನಿ. ಆವತ್ತೂ ನಿನ್ನನ್ನ ಹಿಡಿಯೋಕೆ ಯಾರಿಗೂ ಆಗ್ಲಿಲ್ಲ.

ಅಧ್ಯಕ್ಷರೇ, ಭಾಷಣ ಇನ್ನೂ ಎರಡು ಪುಟ ಇತ್ತು, ಆಸ್ಪತ್ರೆಯ ಇತಿಹಾಸದ ಬಗ್ಗೆ. ಅದನ್ನು ಮೇಟ್ರನ್ ಅವರು ಓದಿಕೊಳ್ಳಲಿ. ಹೂಗುಚ್ಛ, ಗಡಿಯಾರ ಇಲ್ಲೇ ಮೇಜಿನ ಮೇಲಿರಲಿ. ಕಾಫಿ ನಮ್ಮಿಬ್ಬರಿಗೆ ಎತ್ತಿಡಿ, ಅಕ್ಕನವರೇ, ಬೇಕಾದರೆ ನನ್ನದಕ್ಕೆ ಉಪ್ಪು ಹಾಕಿ, ಇಲ್ಲವೆನ್ನುವುದಿಲ್ಲ. ಮೂವತ್ತೈದು ವರ್ಷ ನನ್ನನ್ನು ಸಹಿಸಿಕೊಂಡ ನಿಮ್ಮೆಲ್ಲರಿಗೂ ಧನ್ಯವಾದಗಳು. ಒಂಬತ್ತನೇ ಕೋಣೆಯ ಡಾಕ್ಟರಿಗೆ ಯಾರಾದರೂ ಫೋನ್ ಮಾಡಿ, ಇಬ್ಬರು ಬರುತ್ತಿದ್ದಾರೆ, ಬಾಗಿಲು ಹಾಕಬೇಡಿ ಎನ್ನಿ.

ನಮಸ್ಕಾರ. ಮೈಕು ಯಾರಾದರೂ ಹಿಡಿದುಕೊಳ್ಳಿ.