ಅಡುಗೆಯವನ ಹೆಂಡತಿ ಮೊದಲು ಓದಿದ ಮೆಸೇಜು

ಮದುವೆ ಮನೆಗಳಿಗೆ ಅಡುಗೆ ಮಾಡುವ ಒಬ್ಬಾತ ಇದ್ದ. ಊರು ಯಾವುದಾದರೂ ಆಗಲಿ, ನಿಮ್ಮದೇ ಅಂದುಕೊಳ್ಳಿ, ನನ್ನ ಅಭ್ಯಂತರವಿಲ್ಲ. ಅವನ ಕೈಯ ಸಾರು ಉಂಡವರು ಮದುಮಗಳ ಮುಖ ಮರೆತರೂ ಸಾರನ್ನು ಮರೆಯುತ್ತಿರಲಿಲ್ಲ. ಅವನಿಗೊಬ್ಬ ಹೆಂಡತಿ. ಒಳ್ಳೆಯವಳು. ನೋಡಿ, ನಾನು ಒಳ್ಳೆಯವಳು ಎಂದೇ ಹೇಳುತ್ತಿದ್ದೇನೆ. ಅವಳಿಗಿದ್ದದ್ದು ಒಂದೇ ಚಿಂತೆ. ಗಂಡನ ಫೋನು ಟಿಂಗ್ ಎಂದಾಗಲೆಲ್ಲ ಆ ಕಡೆ ಇರುವುದು ಯಾರು? ಇದನ್ನು ಅವಳು ಅನುಮಾನ ಎನ್ನುತ್ತಿರಲಿಲ್ಲ, ಕಾಳಜಿ ಎನ್ನುತ್ತಿದ್ದಳು. ನಾವೆಲ್ಲ ಹಾಗೆಯೇ ಅಲ್ಲವೇ ಅನ್ನುವುದು?

ಫೋನಿಗೆ ಬೀಗವಿತ್ತು, ಬೆರಳಿನಿಂದ ಗೆರೆ ಎಳೆದು ತೆಗೆಯುವ ಬೀಗ. ಆದರೆ ಅಡುಗೆಯವನ ಬೆರಳನ್ನು ಎಷ್ಟು ತೊಳೆದರೂ ಎಣ್ಣೆ ಬಿಡುವುದಿಲ್ಲ. ಫೋನನ್ನು ಕಿಟಕಿಯ ಬೆಳಕಿಗೆ ಸ್ವಲ್ಪ ವಾರೆಯಾಗಿ ಹಿಡಿದರೆ ಸಾಕು, ಅವನು ಎಳೆದ ಗೆರೆ ಹಾಗೇ ಹೊಳೆಯುತ್ತಿತ್ತು. ಆಹಾ, ಈಗ ಎಷ್ಟು ಜನ ತಲೆ ಎತ್ತಿದಿರಿ! ನಾನು ಉಪಾಯ ಹೇಳಿಕೊಡುತ್ತಿಲ್ಲ ತಾಯಂದಿರೇ, ದೃಷ್ಟಾಂತ ಹೇಳುತ್ತಿದ್ದೇನೆ.

ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಟಿಂಗ್ ಎಂದಿತು. ಗುಲಾಬಿ ಹೂವಿನ ಫೋಟೋ ಹಾಕಿಕೊಂಡ ಯಾರೋ. ಗುಲಾಬಿ! ಅವಳು ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೆರೆದಳು. ಮರುದಿನದ ಮದುವೆಯ ಹುಡುಗಿಗೆ ಸೋದರತ್ತೆಯಾದವಳು ಬರೆದಿದ್ದಳು: "ಅಣ್ಣಾರ, ಬೀಗರ ಕಡಿ ಹಿರೇರು ವ್ರತಾ ಹಿಡದಾರಂತ. ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದಕ್ಕೂ ಹಾಕಬ್ಯಾಡ್ರಿ."

ಪ್ರೇಮ ಹುಡುಕಲು ಹೋದವಳಿಗೆ ಬೆಳ್ಳುಳ್ಳಿ ಸಿಕ್ಕಿತು. ನಿಟ್ಟುಸಿರು ಬಿಟ್ಟು ಫೋನನ್ನು ಇದ್ದಲ್ಲೇ ಇಟ್ಟಳು. ಆಮೇಲೆ ಹೊಳೆಯಿತು. ಮೆಸೇಜು ತೆರೆದದ್ದರಿಂದ ಅದರ ಪಕ್ಕದ ಹಸಿರು ಚುಕ್ಕಿ ಹೋಗಿಬಿಟ್ಟಿದೆ. ಹಸಿರು ಚುಕ್ಕಿ ಇಲ್ಲದ್ದನ್ನು ಯಾವ ಗಂಡಸು ತೆರೆದು ನೋಡಿದ್ದಾನೆ? ಗಂಡನಿಗೆ ಹೇಳಲೇಬೇಕು. ಹೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾನೆ. ಹೇಳಲಿಲ್ಲ.

ಮರುದಿನ ಮದುವೆ ಮನೆಯ ಹಿತ್ತಲಲ್ಲಿ ಒಲೆ ಹೂಡಿದರು. ಅವಳ ಪಾಲಿಗೆ ಬಂದದ್ದು ಯಾವ ಕೆಲಸ ಗೊತ್ತೇ? ಬೆಳ್ಳುಳ್ಳಿ ಸುಲಿಯುವುದು.

"ರೀ, ಇವತ್ತೊಂದಿನ ಬಳ್ಳೊಳ್ಳಿ ಬಿಟ್ಟು ಮಾಡ್ರಲ್ಲ."

"ಬಳ್ಳೊಳ್ಳಿ ಬಿಟ್ಟು ಏನ್ ಮಾಡ್ಲಿ? ದವಾಖಾನಿ ಸಾರೇನು?"

"ಯಾರರೆ ತಿನ್ನದವ್ರು ಇದ್ದರ?"

"ಇದ್ದರ ಹೇಳ್ತಿದ್ದರು. ನೀ ಸುಲಿ."

"ಫೋನರೆ ಒಮ್ಮಿ ನೋಡ್ರಿ..."

"ಮನ್ಯಾಗ ಫೋನ್ ನೋಡಿದ್ರ ಮಾರಿ ಗಂಟ್ ಹಾಕ್ಕೋತಿ, ಒಲಿ ಮುಂದ ನಿಂತಾಗ ನೋಡು ಅಂತಿ. ನಿನ್ನ ತಲಿ ಎತ್ತಾಗ ಓಡಾಕತ್ತೇತಿ?"

ಅವಳು ಸುಲಿದ ಬೆಳ್ಳುಳ್ಳಿಯನ್ನು ಕಾಲು ತಾಗಿದಂತೆ ಮಾಡಿ ಚರಂಡಿಗೆ ಚೆಲ್ಲಿದಳು. ಅವನು ಬೈದು, ಅಂಗಡಿಯಿಂದ ಬೇರೆ ತರಿಸಿದ. ಮತ್ತೆ ಸುಲಿದಳು. ನೋಡಿ, ಎಂಥ ಫಜೀತಿ! ಗಂಡನ ಮಾನ ಕುದಿಯುವ ಹಂಡೆಗೆ ಬೀಳುತ್ತಿದೆ. ತಡೆಯುವ ಮಾತು ಇವಳ ಬಾಯಲ್ಲೇ ಇದೆ. ಆದರೆ ಅದು ಕದ್ದ ಮಾತು, ಹೊರಗೆ ತೆಗೆಯುವಂತಿಲ್ಲ. ದೇವರೂ ಎಲ್ಲರ ಗುಟ್ಟು ನೋಡುತ್ತಾನಲ್ಲ ಎನ್ನುತ್ತೀರಾ? ನೋಡುತ್ತಾನೆ. ಆದರೆ ಅವನು ಓದಿದರೆ ಹಸಿರು ಚುಕ್ಕಿ ಹೋಗುವುದಿಲ್ಲ. ಮೇಲಾಗಿ ಅವನು ಬೆಳ್ಳುಳ್ಳಿ ಸುಲಿಯಲು ಕೂರಬೇಕಾಗಿಲ್ಲ.

ಬೀಗರ ಪಂಕ್ತಿ ಕುಳಿತಿತು. ಹಿರಿಯರೊಬ್ಬರು ಸಾರನ್ನವನ್ನು ಬಾಯಿಯ ಹತ್ತಿರ ತಂದರು, ಮೂಸಿದರು, ಎಲೆ ಮಡಚಿದರು. ಅವರು ಎದ್ದರು, ಸಾಲಿಗೆ ಸಾಲೇ ಎದ್ದಿತು. ಉಣ್ಣುತ್ತ ಕುಳಿತ ಬೀಗರು ನಡುವೆ ಎದ್ದರೆ ಹೆಣ್ಣಿನ ತಂದೆಯ ಗತಿ ಏನು, ನಿಮಗೆ ನಾನು ಹೇಳಬೇಕೇ? ಅವನು ತಂಗಿಯ ಫೋನು ಕಸಿದುಕೊಂಡು ಒಲೆಯ ಹತ್ತಿರ ಓಡಿಬಂದ.

"ನೋಡಪಾ, ಎರಡೂ ಗೀಟು ನೀಲಿ ಆಗ್ಯಾವ. ಓದಿನೂ ಹಾಕೀಯಲ್ಲ, ನಾ ನಿನಗ ಏನ್ ಕೇಡು ಮಾಡಿದ್ದೆ?"

"ಒಲಿ ಮುಟ್ಟಿ ಹೇಳ್ತೀನ್ರಿ, ನಾ ಓದಿಲ್ಲ."

"ಹಂಗಾರ ಒಲಿ ಓದೇತೇನು?" ಎಂದು ಗುಂಪಿನಲ್ಲಿ ಯಾರೋ ಕುಟುಕಿದರು.

ಹೆಂಡತಿ ಎದ್ದು ನಿಂತಳು. "ಅವರು ಓದಿಲ್ರಿ. ನಾ ಓದೀನಿ."

"ಓದಿದ್ರ ಹೇಳಬೇಕಿಲ್ಲೇನವ್ವಾ?"

"ಹೇಳಿದ್ರ ಓದಿದ್ದು ಗೊತ್ತಾಗ್ತಿತ್ತಲ್ರೀ."

ಎಲ್ಲರೂ ನಕ್ಕರು, ಗಂಡನೊಬ್ಬನನ್ನು ಬಿಟ್ಟು. ಅವನು ಬೇರೆ ಪಾತ್ರೆ ತೊಳೆದು ಅನ್ನ, ಹೆಸರುಬೇಳೆ ತೊವ್ವೆ ಮಾಡಿ ತಾನೇ ಬಡಿಸಿದ. ಬೀಗರು ಮರಳಿ ಕುಳಿತರು, ಉಂಡರು. ಮದುವೆ ಉಳಿಯಿತು. ಯಾರ ಮದುವೆ ಎನ್ನುತ್ತೀರಾ? ಆ ಹುಡುಗಿಯದಂತೂ ಉಳಿಯಿತು.

ತಿರುಗಿ ಬರುವಾಗ ಟೆಂಪೋದಲ್ಲಿ ಅವನು ಫೋನನ್ನು ಹೆಂಡತಿಯ ಕೈಗಿಟ್ಟ. "ಬೀಗ ತಗದೀನಿ. ಎಲ್ಲಾ ಓದು. ಆದ್ರ ಇನ್ನ ಮ್ಯಾಲ ನನ್ನ ಏನೂ ಕೇಳಬ್ಯಾಡ." ಅಷ್ಟು ದಿನ ಅವಳಿಗೆ ಬೇಕಾಗಿದ್ದದ್ದು ಅದೇ ತಾನೇ? ಸಿಕ್ಕಿತಲ್ಲ! ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತ ಕುಳಿತಳು. ಟಿಂಗ್ ಎಂದರೂ ನೋಡಲಿಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ನೀಲಗಂಗವ್ವನವರೇ, ಫೋನು ಸೆರಗಿನಡಿ ಸರಿಸಬೇಡಿ, ಕಾಣುತ್ತದೆ. ಗಂಡಸರ ಕಡೆ ನಗು ಜೋರಾಗಿದೆ. ಹೆಂಡತಿ ತವರಿಗೆ ಫೋನು ಮಾಡಿದಾಗ ಬಾಗಿಲ ಹಿಂದೆ ನಿಲ್ಲುವವರು ಯಾರಪ್ಪಾ? ಮುಚ್ಚಿಡುವಂಥದ್ದು ಇಲ್ಲದಿದ್ದರೆ ತೋರಿಸಲು ಏನು ಕಷ್ಟ ಎನ್ನುತ್ತೀರಿ. ಹಾಗಾದರೆ ಬಚ್ಚಲಿಗೆ ಬಾಗಿಲು ಯಾಕೆ ಇಟ್ಟಿರಿ? ಅಲ್ಲೇನು ಕಳ್ಳತನ ನಡೆಯುತ್ತದೆಯೇ?

ಹೆದರಿಕೆ ಬರುತ್ತದೆ. ಬರಬಾರದು ಎಂದು ನಾನು ಹೇಳುವುದಿಲ್ಲ. ಬಂದಾಗ ಕೈ ಫೋನಿಗೆ ಹೋಗುವ ಮೊದಲು ಬಾಯಿ ತೆರೆಯಿರಿ. ಎದುರಿಗೆ ಕುಳಿತು, ಯಾರದು ಆ ಮೆಸೇಜು, ನನಗೆ ಹೆದರಿಕೆಯಾಗಿದೆ ಎಂದು ಕೇಳಿ. ಉತ್ತರ ಹಿಡಿಸದಿದ್ದರೆ ಜಗಳವಾಡಿ, ಪಾತ್ರೆ ಸದ್ದು ಮಾಡಿ, ಇಬ್ಬರೂ ಮಠಕ್ಕೆ ಬಂದು ನನ್ನ ಮುಂದೆ ಕೂಗಾಡಿ. ನಾನು ಪ್ರವಚನ ನಿಲ್ಲಿಸಿ ಕೇಳುತ್ತೇನೆ. ಸುಳ್ಳು ಹೇಳಿದರೆ ಅದು ಅವರ ಪಾಪ. ಕೇಳದೆ ಕದ್ದು ಓದಿದರೆ ಅದು ನಿಮ್ಮದು.

ಏಳಿ ಇನ್ನು. ಮನೆ ಮುಟ್ಟುವವರೆಗೂ ಕಾಯಬೇಡಿ, ದಾರಿಯಲ್ಲೇ ಕೇಳಿ. ಇಬ್ಬರೂ ಒಂದೇ ಗಾಡಿಯಲ್ಲಿ ಬಂದಿದ್ದೀರಲ್ಲ.