ಎಡಕ್ಕ ಹಿಡೀರಿ

ನಗಬ್ಯಾಡ್ರಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ಮಗ್ಗಲಮನಿ ಯಮನಪ್ಪಗ ಆದದ್ದು. ಎಂಬತ್ನಾಕನೇ ಇಸವಿ ಇರಬೇಕು. ಆ ಕಂದೀಲು ಸ್ವಲ್ಪ ಸಣ್ಣ ಮಾಡ್ರಿ, ಹೇಳ್ತೇನಿ.

ಹುನಗುಂದ, ಇಳಕಲ್, ಕೂಡಲಸಂಗಮ... ಮೂರೂ ದಾರಿ ನಮ್ಮೂರ ಹೊರಗ ಒಂದು ಆಲದ ಗಿಡದ ಬುಡಕ್ಕ ಕೂಡ್ತಿದ್ವು. ಮಗ್ಗಲಕ್ಕ ಬಾವಿ. ಅಲ್ಲಿ ಲಾರಿಗೊಳು ಎದರಾಬದರಾ ಬಂದು ಡಿಕ್ಕಿ ಹೊಡ್ಯೂದು, ಜನ ಸಾಯೂದು ಮಾಮೂಲಿ ಆಗಿತ್ತು. ಅದಕ್ಕ ಗಿಡ ಕಡದು, ಬಾವಿ ಮುಚ್ಚಿ, ದೊಡ್ಡ ಸರ್ಕಲ್ ಮಾಡಿದ್ರು. ಗಾಡಿ ಎಲ್ಲಾ ಒಂದೇ ಕಡೆ ಸುತ್ತಬೇಕು. ನಮ್ಮೂರಿಂದ ಒಳಗ ಹೋಗೂ ಬಾಯಿ ಬ್ಯಾರೆ, ಹೊರಗ ಬರೂ ಬಾಯಿ ಬ್ಯಾರೆ, ನಡುವ ಎದಿಮಟ ಕಬ್ಬಿಣದ ಕಂಬಿ.

ಯಮನಪ್ಪ ಆ ಸರ್ಕಲ್ ಕಟ್ಟಿದ ಗ್ಯಾಂಗಿನ್ಯಾಗ ದುಡದಾಂವ. "ಇನ್ನ ಒಂದು ಗಾಡಿ ಮತ್ತೊಂದರ ಮಾರಿ ನೋಡೂದಿಲ್ಲ" ಅಂತ ಭಾಳ ಅಭಿಮಾನದಿಂದ ಹೇಳಾಂವ. ಖರೇನ ಆತು, ಡಿಕ್ಕಿ ನಿಂತ್ವು. ಯಾವೂರಿಗಿ ಹೋಗಾವರು ದಾರಿ ಕೇಳಿದ್ರೂ ತಲಿ ಎತ್ತದನ "ಎಡಕ್ಕ ಹಿಡೀರಿ" ಅನ್ನಾಂವ. ಅಲ್ಲಿ ಎಲ್ಲಾ ಊರೂ ಎಡಕ್ಕನ ಬರ್ತಿದ್ವು, ನೋಡ್ರಿ. ಆದರ ನಡಕೋತ ಹೋದಾಂವ ಒಮ್ಮೆ ಒಳಗ ಹೊಕ್ಕರ, ಪೂರಾ ಸುತ್ತು ಹಾಕದ ಹೊಳ್ಳಿ ಬರಾಕ ಆಗ್ತಿದ್ದಿಲ್ಲ. ನಡಿಯಾವರ ಚಿಂತಿ ಯಾರಿಗೈತಿ?

ಅವನ ಮಗಳು ಮಾದೇವಿ, ನಾಕು ವರ್ಷದ ಕೂಸು. ಜ್ವರ ಹಿಡೀತು. ದವಾಖಾನ್ಯಾಗ ಸೂಜಿ ಮಾಡಿಸಿದ್ರು, ಇಳೀಲಿಲ್ಲ. ಕಡೀಕ ಯಮನಪ್ಪನ ಅವ್ವ ಹನಮವ್ವ ಹರಕ ಮೊರದಾಗ ಕುಂಕುಮ ಕಲಸಿದ ಅನ್ನ, ಲಿಂಬಿಹಣ್ಣು, ಹಚ್ಚಿದ ಪಣತಿ ಇಟ್ಟು ಕೂಸಿಗಿ ನಿವಾಳಿಸಿದ್ಲು.

"ಮೂರು ದಾರಿ ಕೂಡಿದಲ್ಲಿ ಇಟ್ಟು ಬಾ," ಅಂತ ಮಗನಿಗಿ ಪಿಸುಗುಟ್ಟಿದ್ಲು. "ಕೂಸಿಗಿ ಹತ್ತಿದ್ದು ಅಲ್ಲಿ ದಾರಿ ತಪ್ಪತೈತಿ. ಹೊಳ್ಳಿ ನೋಡಬ್ಯಾಡ. ಏನ ಕೇಳಿದ್ರೂ ಮಾತಾಡಬ್ಯಾಡ."

"ಹೂಂ."

ಅವತ್ತ ರಾತ್ರಿ ಕರೆಂಟ್ ಇರಲಿಲ್ಲ. ಆಲದ ಗಿಡ ಇದ್ದ ಜಾಗ ನಮ್ಮೂರ ಬಾಯಿಗಿ ಎದುರಿಗೇ ಬರ್ತೈತಿ. ಅಲ್ಲಿ ಮೊರ ಇಟ್ಟ. ಮನಿ ಕಡೆ ಹೊರಡಬೇಕಂದ್ರ... ಕಂಬಿ. ತಾನ ಹುಗದ ಕಂಬಿ. ಅದರ ಬಗಲಾಗ ಲಾರಿ ಸಾಲು, ಭರ್ರ್... ಭರ್ರ್... ಸುತ್ತೇ ಹೋಗಬೇಕು. ಸುತ್ತಿದರ ಮತ್ತ ಆ ಮೊರದ ಮುಂದನ ಬರಬೇಕು. ಕಂಬಿ ಹುಗಿವಾಗ ಇದು ಅವನ ತಲಿಗಿ ಹೊಳದಿದ್ದಿಲ್ಲ.

ನಡದ. ಇಳಕಲ್ ಬಾಯಿ ದಾಟಿದ. ಹಿಂದ ಸಪ್ಪಳ... ಸರ್... ಸರ್... ಡಾಂಬರಿನ ಮ್ಯಾಲೆ ಮೊರ ಎಳದಂಗ. ನಿಂತ. ಸಪ್ಪಳಾನೂ ನಿಂತಿತು. ಕೂಡಲಸಂಗಮದ ಬಾಯಿ ಹತ್ರ ನೋಡ್ತಾನ, ತನ್ನ ನೆರಳು ಮುಂದ ಉದ್ದಕ ಬಿದ್ದೈತಿ... ಹಿಂದ ಯಾರೋ ದೀಪ ಹಿಡದಂಗ. ಹೊಳ್ಳಿ ನೋಡಲಿಲ್ಲ, ಪಾಪ. ಹಿಂದಕ್ಕ ಹೋಗಂಗಿಲ್ಲ, ಬಗಲಕ್ಕ ಹಾರಂಗಿಲ್ಲ. ಅಳು ಬಂತಂತ ಅವನಿಗಿ.

ಹುನಗುಂದ ಬಾಯೀನೂ ದಾಟಿತು, ಸುತ್ತು ಮುಗೀತು. ಆಲದ ಗಿಡದ ಜಾಗ ಖಾಲಿ. ಮೊರ ಇಲ್ಲ. ಎಡಕ್ಕ ನಮ್ಮೂರ ಬಾಯಿ. ಆಗ ಬೆನ್ನಿನ ಹಿಂದ, ಭಾಳ ಸಮೀಪ...

"ಯಣ್ಣಾ... ದಾರಿ ಯಾವ ಕಡೆ?"

ಹೆಂಗಸಿನ ದನಿ. ದಣದ ದನಿ. ಅವ್ವ ಹೇಳಿದ್ದು ನೆನಪಿತ್ತು ಅವನಿಗಿ, ಆದರ ಬಾಯಿ ರೂಢಿ ಬಿಡಲಿಲ್ಲ.

"ಎಡಕ್ಕ ಹಿಡೀರಿ," ಅಂದುಬಿಟ್ಟ.

ಬಗಲಾಗ ತಣ್ಣನ ಗಾಳಿ ದಾಟಿ ಹೋತು. ಸರ್... ಸರ್... ಸಪ್ಪಳ ಈಗ ಮುಂದ. ಊರ ಕಡೆ. ಯಮನಪ್ಪ ಎದ್ದುಬಿದ್ದು ಓಡಿದ. ಎಷ್ಟು ಓಡಿದ್ರೂ ಅದು ಅವನ ಮುಂದನ ಇತ್ತು.

ಮನಿ ಬಾಗಿಲಾ ತೆರದಿತ್ತು. ಹನಮವ್ವ ಕೂಸಿನ ಹತ್ರ ಕುಂತಿದ್ಲು.

"ಕದಾ ಯಾಕ ತೆಗದಿ, ಯವ್ವಾ?"

"ನೀನ ಬಡದ್ಯಲ್ಲೋ. ತೆಗದು ನೋಡಿದ್ರ ಯಾರೂ ಇಲ್ಲ..."

ಯಮನಪ್ಪ ಮಗಳ ಹಣಿ ಮುಟ್ಟಿದ. ಜ್ವರ ಇಳದಿತ್ತು. ಪೂರಾ ಇಳದಿತ್ತು. ಕೂಸಿನ ಉಸಿರು ಇರಲಿಲ್ಲ.

ಈಗ ಸರ್ಕಲ್‌ನ್ಯಾಗ ಯಾರು ದಾರಿ ಕೇಳಿದ್ರೂ ಅಂವ ಬಾಯಿ ಬಿಡೂದಿಲ್ಲ, ತಲಿ ತಗ್ಗಿಸಿ ನಿಂದರ್ತಾನ. ಹೊರಗಿನವರು ಸೊಕ್ಕು ಅಂತಾರ. ನೀವು ನಂಬ್ರಿ, ಬಿಡ್ರಿ. ಆ ಮೊರ ಹನಮವ್ವ ನಮ್ಮನಿಂದ ಒಯ್ದದ್ದು, ಹರದಲ್ಲಿ ನಮ್ಮವ್ವ ಹಸರ ದಾರಲೆ ಹೊಲದಿದ್ಲು. ಮರುದಿನ ಮುಂಜಾನೆ ಹೋದಾಗ ನಾ ಕಣ್ಣಾರೆ ನೋಡೇನಿ. ಅವರ ಹೊಸ್ತಿಲದ ಒಳಗಿತ್ತು. ಪಣತಿ ಇನ್ನೂ ಉರೀತಿತ್ತು.